ನೆರಳಿನ ಅಂಚಿಗೆ

ಬುಡಕ್ಕೆ ಹಾಕಬೇಡಿ, ಅಂದ ತೋಟಗಾರಿಕೆ ಇಲಾಖೆಯ ಹುಡುಗ.
ಹೆಂಡತಿಯ ರವಿಕೆ ಒಯ್ಯಲು ಬಂದವನು,
ತೋಳು ಬಿಗಿಯಾಯಿತೆಂದು ಒಳಗೆ ಶಿಫಾ ಹೊಲಿಗೆ ಬಿಚ್ಚುವಷ್ಟು ಹೊತ್ತು
ಹಿತ್ತಲಲ್ಲಿ ನಿಂತು ನನ್ನ ಹೇರಳೆಮರ ನೋಡಿದ.
ಬುಡ ಬರೀ ನಿಲ್ಲಲಿಕ್ಕೆ. ಉಣ್ಣುವ ಬೇರು ದೂರ ಇರುತ್ತೆ.
ನಡುಮಧ್ಯಾಹ್ನ ನೆರಳು ಎಲ್ಲಿಗೆ ಮುಗಿಯುತ್ತೋ
ಅಲ್ಲಿ ಒಂದು ಸುತ್ತು ಮೇಲೆ ಮೇಲೆ ಕೆದಕಿ, ಹಾಕಿ.

ಹದಿನಾಲ್ಕು ವರ್ಷ ನಾನು ಬುಡಕ್ಕೇ ಸುರಿದೆ:
ಅಕ್ಕಿ ತೊಳೆದ ನೀರು, ಮೊಟ್ಟೆಯ ಸಿಪ್ಪೆ, ಕಾಫಿ ಚರಟ,
ಇಸ್ತ್ರಿಪೆಟ್ಟಿಗೆಯ ಇದ್ದಿಲು ಬೂದಿ.
ಉಣ್ಣುವವರು ಪಡಸಾಲೆಯಲ್ಲಿ ಕೂತಿದ್ದರೆ
ಕಂಬಕ್ಕೆ ಬಡಿಸಿದ ಹಾಗೆ.

ಎಲೆ ಹಳದಿ, ನರ ಮಾತ್ರ ಹಸಿರು.
ಅರಸೀಕೆರೆಯ ಬೋರ್‌ವೆಲ್ ನೀರು
ಪಾತ್ರೆಗೆ ಬಿಳಿ ಪೊರೆ ಕಟ್ಟಿಸುವುದು, ಮರವನ್ನು ಬಿಟ್ಟೀತೆ?

ಟೇಪು ತಂದೆ. ನಲವತ್ತು ವರ್ಷ ಊರಿನ ಸೊಂಟ ಸುತ್ತಿ ಬಂದ ಟೇಪು,
ಮೊದಲ ಹತ್ತು ಅಂಕಿ ಬೆರಳಿಗೆ ಸವೆದಿವೆ.
ಮೂಡಲಿಗೆ ಹನ್ನೊಂದು ಅಡಿ. ತೆಂಕಲಿಗೆ ಹತ್ತು.
ಬಡಗಲಿಗೆ ಬಟ್ಟೆ ಒಗೆಯುವ ಕಲ್ಲಿನ ತನಕ.
ಪಡುವಲಿಗೆ ಐದಡಿಗೇ ಗೋಡೆ.
ನೆರಳು ಗೋಡೆ ಹತ್ತಿ ಆ ಕಡೆ ಇಳಿದಿತ್ತು.

ಆ ಕಡೆ ರುದ್ರಾಣಮ್ಮ.

ಗೋಡೆ ಕಟ್ಟಿದ ವರ್ಷ ಸರ್ವೆಯವನ ಚೈನು
ಮುಕ್ಕಾಲು ಅಡಿ ಯಾರ ಕಡೆಗೆ ಜಗ್ಗಿತೋ
ಈಗ ನೆನಪಿಲ್ಲ. ಜಗ್ಗಿದ್ದು ನೆನಪಿದೆ.
ಅವತ್ತಿನಿಂದ ಮಾತಿಲ್ಲ, ಜಗಳವೂ ಇಲ್ಲ.
ಅವಳ ಅಂಗಳಕ್ಕೆ ಬಿದ್ದ ಕಾಯಿ ಒಂದನ್ನೂ ಇಟ್ಟುಕೊಳ್ಳದೆ
ಒರೆಸಿ, ಗೋಡೆಯ ಮೇಲೆ ಸಾಲಾಗಿ ಇಡುತ್ತಾಳೆ,
ತೊಟ್ಟು ನನ್ನ ಕಡೆಗೆ.
ಬೈಗುಳಕ್ಕಾದರೆ ಉತ್ತರ ಕೊಡಬಹುದು.
ಒರೆಸಿಟ್ಟ ಕಾಯಿಗೆ ಏನು ಕೊಡುವುದು?
ನಾನೂ ಒಂದೊಂದಾಗಿ ಎತ್ತಿಕೊಂಡೆ, ಎಣಿಸಿಕೊಂಡೆ.

ಮೂರು ದಿಕ್ಕಿಗೆ ಹಾಕಿದರೆ ಸಾಲದೇ, ಕೇಳಿದ್ದೆ ಹುಡುಗನನ್ನು.
ಸಾಲುತ್ತೆ. ಆ ಮಗ್ಗುಲು ಸ್ವಲ್ಪ ಸೊರಗುತ್ತೆ ಅಷ್ಟೆ, ಅಂದ.
ಒಂದು ತೋಳು ಗಿಡ್ಡವಾದ ಅಂಗಿಯನ್ನು
ನಾನು ಯಾವತ್ತೂ ಮಡಿಸಿ ಕೊಟ್ಟವಳಲ್ಲ.

ರೋಹಿಣಿ ಮಳೆ ಒಂದು ಹದ ಬಿತ್ತು.
ಬಾಣಾವರದ ಕಡೆಯ ಕುರಿಯವನಿಂದ ಎರಡು ಚೀಲ ಹಿಕ್ಕೆ,
ಬೇವಿನ ಹಿಂಡಿ, ಪೊಟ್ಟಣದಲ್ಲಿ ಸತುವಿನ ಪುಡಿ.
ಗೋಡೆ ದಾಟಿದರೆ ಎರಡು ಮಾರು,
ಬೀದಿ ಸುತ್ತಿದರೆ ಎಪ್ಪತ್ತು ಹೆಜ್ಜೆ.
ಬುಟ್ಟಿ ಸೊಂಟಕ್ಕಿಟ್ಟು ಬೀದಿ ಸುತ್ತಿದೆ.
ದಾರಿಯುದ್ದ ಹೊಲಿದುಕೊಂಡ ಮಾತು
ಚಿಲಕದ ಸದ್ದಿಗೇ ದಾರ ಬಿಟ್ಟಿತು.
"ಗೊಬ್ಬರ," ಅಂದೆ.

ಅವಳು ಬುಟ್ಟಿ ನೋಡಿದಳು. ಮೂಗು ಮುಚ್ಚಿಕೊಳ್ಳಲಿಲ್ಲ.
ಹಿಕ್ಕೆಯೊಂದನ್ನು ಎರಡು ಬೆರಳಲ್ಲಿ ಒಡೆದು
"ಇದಿನ್ನೂ ಹಸಿ. ಬೇರಿಗೆ ಕಾವು ಹತ್ತುತ್ತೆ," ಅಂದಳು.
ಒಂಬತ್ತು ವರ್ಷದ ಮೇಲೆ ಮೊದಲ ಮಾತು.
ತನ್ನ ಗುಂಡಿಯಿಂದ ಕಳಿತದ್ದು ಮೊರದ ತುಂಬ ತಂದಳು,
ಕಪ್ಪಗೆ, ಮುಟ್ಟಿದರೆ ಕಾಫಿಪುಡಿ.

ಇಬ್ಬರೂ ಕುಕ್ಕರಗಾಲಲ್ಲಿ ಕೂತು ಅರೆಚಂದ್ರ ಕೆದಕಿದೆವು,
ರವಿಕೆಗೆ ಕತ್ತು ಕತ್ತರಿಸಿದ ಹಾಗೆ.
ನಾಲ್ಕು ಬೆರಳ ಕೆಳಗೇ ಸಿಕ್ಕವು ಬೇರುಗಳು,
ಕಚ್ಚಾ ಹೊಲಿಗೆಯ ದಾರದಷ್ಟು ಸಣ್ಣ,
ಅವಳ ದಾಸವಾಳದ ಬೇರಿನಲ್ಲಿ ಸಿಕ್ಕುಸಿಕ್ಕು.
ಯಾವುದು ಯಾರದ್ದೆಂದು ನಾನು ನೋಡಲಿಲ್ಲ.
ಅವಳು ನೋಡಿದಳು. ಮಣ್ಣು ಮುಚ್ಚಿದಳು.

ಕೈಗೆ ನೀರು ಹೊಯ್ಯುತ್ತ ಅಂದಳು:
"ಹಳದಿಯಾದ ಎಲೆ ಇನ್ನು ಹಸಿರಾಗಲ್ಲ ಕಣಕ್ಕ,
ಅದನ್ನೇ ನೋಡ್ತಾ ಕೂರಬೇಡ. ಚಿಗುರು ನೋಡು."
ಕಾಫಿ ಕೊಡಲಿಲ್ಲ. ನಾನೂ ಕಾಯಲಿಲ್ಲ.

ಕಾರ್ತಿಕ ಕಳೆದು ಗಾಳಿ ಎದ್ದ ಒಂದು ರಾತ್ರಿ
ಆ ಕಡೆ ಧೊಪ್ಪೆಂದದ್ದು ಏಳು ಸಲ. ಎಣಿಸುವ ಚಾಳಿ ನನ್ನದು.
ಬೆಳಿಗ್ಗೆ ಗೋಡೆಯ ಮೇಲೆ ಆರು,
ಒರೆಸಿ, ಸಾಲಾಗಿ.

ಮಧ್ಯಾಹ್ನ ಗೋಡೆ ಹಾಯ್ದು ಬಂತು ಒಗ್ಗರಣೆಯ ಘಾಟು,
ಇಂಗು, ಸಾಸಿವೆ, ಹಿಂಡಿದ ಹೇರಳೆಯ ಹುಳಿ.
ಮಿಷನ್ನಿನ ಪೆಡಲು ನಿಲ್ಲಿಸದೆಯೇ ಮೂಸಿದೆ:
ಮೆಂತ್ಯ ನಾಲ್ಕು ಕಾಳು ಹೆಚ್ಚಾಗಿತ್ತು.